ಹತ್ತು ಜನರ ನಡುವಿನ ಜಾಗ

ನದಿ ಕಡಲು ಸೇರುವ ಕಡೆ ಒಂದು ಹಳೆಯ ಸಿನಗಾಗ್ ಇತ್ತು, ಯಹೂದಿಗಳ ಪ್ರಾರ್ಥನಾಮಂದಿರ. ಮಹಾಮಾರಿ ಬಂದ ವರ್ಷ ಅದರ ಬಾಗಿಲಿಗೆ ಬೀಗ ಬಿತ್ತು.

ಎರಡನೇ ವರ್ಷ ಹನುಕ್ಕಾ ಬಂದಾಗ, ದೀಪದ ಹಬ್ಬವನ್ನಾದರೂ ಒಟ್ಟಿಗೆ ಮಾಡೋಣವೆಂದು ಗುರು ಹನೋಕರು ಬೀಗ ತೆಗೆಸಿದರು.

ಶಿಷ್ಯ ಮೆನಾಶೆಗೆ ಖುಷಿಗಿಂತ ಭಯವೇ ಹೆಚ್ಚು. ಅವನ ಅಪ್ಪ ಅದೇ ಕಾಯಿಲೆಯಲ್ಲಿ ತೀರಿಕೊಂಡಿದ್ದರು. ಇನ್ನೊಬ್ಬರ ಹೆಣಕ್ಕೆ ಹೆಗಲು ಕೊಡುವ ಶಕ್ತಿ ಅವನಲ್ಲಿರಲಿಲ್ಲ.

ಬೆಳಗಿನಿಂದಲೇ ಟೊಂಕ ಕಟ್ಟಿ ನಿಂತ. ಕಿಟಕಿಗಳನ್ನೆಲ್ಲ ತೆರೆದ. ಬಾಗಿಲಲ್ಲಿ ಸೋಪು, ನೀರು ಇಟ್ಟ. ಆರಡಿಯ ಹಗ್ಗ ಹಿಡಿದು ಅಳೆದು, ಒಬ್ಬೊಬ್ಬರಿಗೂ ಸೀಮೆಸುಣ್ಣದಲ್ಲಿ ಒಂದೊಂದು ಗುರುತು ಹಾಕಿದ.

ಸಂಜೆ ಜನ ಬಂದರು. ಎಲ್ಲರಿಗೂ ಮಾಸ್ಕು. ಗುರು ಶಿಷ್ಯರೂ ಸೇರಿ ಸರಿಯಾಗಿ ಹತ್ತು ಗಂಡಸರು. ಹತ್ತರಲ್ಲಿ ಒಬ್ಬ ಕಡಿಮೆಯಾದರೂ ಸಾಮೂಹಿಕ ಪ್ರಾರ್ಥನೆ ಇಲ್ಲ, ಅದು ಅವರ ನೇಮ.

ರಹಮೀಮಜ್ಜ ನೆಟ್ಟಗೆ ಮುಂದಿನ ಬೆಂಚಿಗೆ ಹೋಗಿ, ಗೆಳೆಯ ಸಸೂನಜ್ಜನ ಭುಜಕ್ಕೆ ಭುಜ ತಾಗಿಸಿ ಕೂತರು.

“ಅಜ್ಜಾ, ನಿಮ್ಮ ಜಾಗ ಅಲ್ಲಿ, ಕಂಬದ ಹಿಂದೆ.”

“ಯಾರೋ ಹೇಳಿದ್ದು?”

“ನಾನೇ ಅಳೆದಿದ್ದೀನಿ.”

“ನೀನು ತೊಟ್ಟಿಲಲ್ಲಿದ್ದಾಗಿಂದ ನಾನು ಈ ಬೆಂಚಲ್ಲಿ ಕೂತಿದ್ದೀನಿ. ಎರಡು ವರ್ಷ ಮನೇಲಿ ಒಬ್ಬನೇ ಗೋಡೆ ನೋಡ್ಕೊಂಡು ಕೂತಿದ್ದು ಸಾಲದೇನೋ? ಇಲ್ಲೂ ಮೂಲೆಗೆ ತಳ್ತೀಯ? ಮನೆಗೇ ಹೋಗ್ತೀನಿ ಬಿಡು.”

ಎದ್ದೇಬಿಟ್ಟರು. ಮೆನಾಶೆಗೆ ದಿಕ್ಕು ತೋಚಲಿಲ್ಲ. ಅಜ್ಜ ಹೋದರೆ ಒಂಬತ್ತೇ ಜನ, ಪ್ರಾರ್ಥನೆ ಇಲ್ಲ. ಇದ್ದಲ್ಲೇ ಕೂರಿಸಿದರೆ ಅಜ್ಜನೇ ಉಳಿಯುತ್ತಾರೋ ಇಲ್ಲವೋ.

“ಗುರುಗಳೇ, ನೀವಾದರೂ ಹೇಳಿ.”

ಗುರುಗಳು ಒದ್ದೆ ಬಟ್ಟೆ ತಂದು, ಬಗ್ಗಿ, ಸೀಮೆಸುಣ್ಣದ ಗುರುತುಗಳನ್ನು ಒರೆಸತೊಡಗಿದರು.

ಒರೆಸಿ ಮುಗಿಸಿ ಸೊಂಟ ನೆಟ್ಟಗೆ ಮಾಡಿಕೊಂಡು ಹೇಳಿದರು: “ಈ ಮುಂದಿನ ಬೆಂಚಿಗೆ ನಾವು ಬಂದಿದ್ದು ದೊಡ್ಡವರಾದ ಮೇಲೆ. ಚಿಕ್ಕವರಿದ್ದಾಗ ಅಪ್ಪನ ಪಕ್ಕ ಎಲ್ಲಿ ಕೂರ್ತಿದ್ರೋ, ಎಲ್ಲರೂ ಅಲ್ಲಿಗೆ ಹೋಗಿ.”

“ಆಗ ಇಲ್ಲಿ ಕಾಲಿಡೋಕೂ ಜಾಗ ಇರ್ತಿರಲಿಲ್ಲ ಅಂತ ನೀವೇ ಹೇಳಿದ್ರಲ್ಲ!” ಎಂದ ಮೆನಾಶೆ.

“ಹೌದು, ಇರ್ತಿರಲಿಲ್ಲ.”

ಬಾಗಿಲ ತನಕ ಹೋಗಿದ್ದ ರಹಮೀಮಜ್ಜ ತಿರುಗಿ ನಿಂತರು. ದನಿ ಮೆತ್ತಗಾಗಿತ್ತು.

“ನಮ್ಮಪ್ಪಂದು ನದಿ ಕಡೆ ಕಿಟಕಿ. ಪಕ್ಕದಲ್ಲಿ ಐದು ಜನ ಚಿಕ್ಕಪ್ಪಂದಿರು. ಹಡಗು ಹತ್ತಿ ಇಸ್ರೇಲಿಗೆ ಹೋದರು, ಒಬ್ಬರ ಹಿಂದೆ ಒಬ್ಬರು.”

ಹೋಗಿ ಅಲ್ಲೇ ಕೂತರು. ಸಸೂನಜ್ಜ ಎದುರು ಗೋಡೆಗೆ ಹೋದರು. ಅಲ್ಲಿ ಒಂದು ಕಾಲಕ್ಕೆ ಅವರ ಅಣ್ಣಂದಿರೂ ಭಾವಂದಿರೂ ಒಬ್ಬರ ಮೊಣಕೈ ಇನ್ನೊಬ್ಬರಿಗೆ ತಿವಿಯುವಂತೆ ಕೂತು, ಪ್ರಾರ್ಥನೆಯ ಮಧ್ಯೆ ಮೀನಿನ ಮಾತಾಡಿ ಬೈಸಿಕೊಳ್ಳುತ್ತಿದ್ದರು. ಉಳಿದವರೂ ತಮ್ಮ ತಮ್ಮ ಮೂಲೆ ಹುಡುಕಿಕೊಂಡರು.

ಮೆನಾಶೆ ಹಗ್ಗ ಹಿಡಿದು ಹೊರಟ. ರಹಮೀಮಜ್ಜನಿಂದ ಪಕ್ಕದವರಿಗೆ ಹಗ್ಗ ಮುಟ್ಟಲಿಲ್ಲ. ಸಸೂನಜ್ಜನಿಂದಲೂ ಮುಟ್ಟಲಿಲ್ಲ. ಯಾರಿಂದ ಯಾರಿಗೂ ಮುಟ್ಟಲಿಲ್ಲ. ನಡುವೆ ಬೆಂಚಿನ ಮರ ಮಾತ್ರ, ಕೂತು ಕೂತು ನುಣುಪಾಗಿದ್ದು.

ಕೊನೆಗೆ ತನ್ನ ಜಾಗಕ್ಕೆ ಬಂದು ಕೂತ. ಅವನ ಬಲಕ್ಕೆ ಅಪ್ಪನ ಜಾಗ. ಅದರಾಚೆ ತಾತನದು. ಹಗ್ಗ ಹಿಡಿದು ಅಳೆಯಲು ಕೈ ಬರಲಿಲ್ಲ. ಎರಡು ವರ್ಷ ತಡೆದಿದ್ದ ಅಳು ಬಂತು, ಮಾಸ್ಕೆಲ್ಲ ಒದ್ದೆಯಾಯಿತು.

“ಗುರುಗಳೇ, ಇಷ್ಟು ಜಾಗ ಯಾವಾಗ ಆಯ್ತು?”

“ಒಬ್ಬೊಬ್ಬರೇ ಎದ್ದು ಹೋದರು. ನಾವು ಹತ್ತಿರ ಹತ್ತಿರ ಸರೀತಾ ಬಂದ್ವಿ. ಅದಕ್ಕೇ ಗೊತ್ತಾಗಲಿಲ್ಲ.”

ಅವನು ಕಣ್ಣೊರೆಸಿಕೊಳ್ಳುವ ತನಕ ಗುರುಗಳು ಕಾದರು. ಆಮೇಲೆ ಮಂತ್ರ ಹೇಳಿ ಮೊದಲನೇ ದೀಪ ಹಚ್ಚಿದರು.

“ಯಾವ ಹಾಡು ಎತ್ತಲಿ?” ಎಂದ ಮೆನಾಶೆ.

“ಹಳೇದನ್ನೇ ಎತ್ತು. ಆದರೆ ನಿಧಾನಕ್ಕೆ ಹಾಡು. ನಮ್ಮ ನಡುವೆ ಖಾಲಿ ಜಾಗದಲ್ಲಿ ಕೂತಿರೋರೆಲ್ಲ ವಯಸ್ಸಾದವರು, ಅವರೂ ದನಿ ಸೇರಿಸಬೇಕಲ್ಲ.”