ಪಾಲಯ್ಯ ಹಾಡು ಸಾಗಿಸಿದ್ದು

ಗದ್ದಲ ನಿಲ್ಲಿಸಿ, ಕಾಲು ಮಡಚಿ ಕೂತ್ಕೊಳ್ಳಿ. ಬುದ್ಧಿವಂತರ ಕತೆ ಬೇಕಾದವರು ಈಗಲೇ ಎದ್ದು ಹೋಗಬಹುದು. ಇದು ಪಾಲಯ್ಯನ ಕತೆ.

ಒಂದೂರಲ್ಲಿ ಓಬಮ್ಮ ಅಂತ ಒಬ್ಬಳಿದ್ದಳು. ಅವಳಿಗೆ ಮನೆ ಮುಂಭಾಗದಲ್ಲೇ ಒಂದು ಮೈಕ್‌ಸೆಟ್ ಅಂಗಡಿ, ಒಬ್ಬ ಮಗ. ಅಂಗಡಿ ಅನ್ನ ಹಾಕ್ತಿತ್ತು, ಮಗ ತಿಂತಿದ್ದ. ಮೀಸೆ ಬಂದಿತ್ತು, ಎದೆ ಬಾಗಿಲಷ್ಟು ಅಗಲ ಇತ್ತು, ಮೈಕಿನ ಹಾರ್ನ್ ಹೊತ್ತು ಮರ ಹತ್ತೋದರಲ್ಲಿ ಅವನನ್ನ ಬಿಟ್ಟರಿಲ್ಲ. ತಲೆ? ತಲೆಯೂ ಇತ್ತು, ರುಮಾಲು ಸುತ್ತೋಕೆ. ಹೇಳಿದ್ದನ್ನ ಹೇಳಿದ ಹಾಗೆ ಮಾಡೋನು, ಒಂದು ಕೂದಲೆಳೆ ಆಚೀಚೆ ಇಲ್ಲ. ಅದೇ ತಾಪತ್ರಯ!

ಓಬಮ್ಮನ ಗಂಡ ಸಾಯುವಾಗ ಬಿಟ್ಟುಹೋದದ್ದು ಒಂದು ಹಳೇ ಕಂಪ್ಯೂಟರ್. ಅದರ ತುಂಬ ಹಾಡು. ಮದುವೆ ಮನೆ, ಒಸಗೆ ಮನೆ, ತೊಟ್ಟಿಲ ಮನೆ, ಎಲ್ಲಿ ಹೆಂಗಸರು ಬಾಯಿ ತೆರೆದರೂ ಆ ಪುಣ್ಯಾತ್ಮ ಮೈಕ್ ಹಿಡಿದು ಹಾಡು ತುಂಬಿಕೊಂಡು ಬರ್ತಿದ್ದ. ಸೋಬಾನೆ ಪದ, ಬೀಸೋ ಪದ, ಲಾಲಿ ಪದ. ಹಾಡಿದವರಲ್ಲಿ ಅರ್ಧಕ್ಕರ್ಧ ಜನ ಮಣ್ಣಾಗಿದ್ದರು, ದನಿ ಮಾತ್ರ ಆ ಡಬ್ಬಿಯೊಳಗೆ ಉಳಿದಿತ್ತು. ಪಕ್ಕದೂರಿಗೆ ಆಳೆತ್ತರದ ಪೆಟ್ಟಿಗೆಗಳ ಡಿಜೆ ಬಂದಿದ್ದ. ಆದರೂ ಜನ ಓಬಮ್ಮನ ಮೈಕನ್ನೇ ಕರೆಸ್ತಿದ್ದರು. ಸತ್ತ ಅಜ್ಜಿ ಮೊಮ್ಮಗಳ ಧಾರೆಗೆ ಸೋಬಾನೆ ಹೇಳೋದು ಇನ್ನೆಲ್ಲಿ ಸಿಗುತ್ತೆ?

ಒಂದು ದಿನ ಕಂಪ್ಯೂಟರ್ ಒಳಗಿಂದ ಕಟ ಕಟ, ಕಟ ಕಟ ಅಂತ ಸದ್ದು ಬಂತು. ರಿಪೇರಿ ಜಬೀವುಲ್ಲಾ ಬಂದು ಕಿವಿ ಇಟ್ಟು ಕೇಳಿದ.

“ಓಬಕ್ಕ, ಹಾಡೆಲ್ಲಾ ಇರೋ ಹಾರ್ಡ್ ಡಿಸ್ಕು ಸಾಯೋಕೆ ಬಂದಿದೆ. ಇದು ಸತ್ತರೆ ಹಾಡೂ ಸತ್ತ ಹಾಗೆ. ಹೊಸ ಡಿಸ್ಕು ತರಿಸಿ ಹಾಡನ್ನೆಲ್ಲಾ ಬೇಗ ಅದಕ್ಕೆ ಸಾಗಿಸಿಬಿಡಿ.”

“ನೀನೇ ಸಾಗಿಸಿಕೊಡಪ್ಪ ಜಬಿ!”

“ನಾನು ನಾದಿನಿ ಮದುವೆಗೆ ಹೊರಟು ನಿಂತಿದ್ದೀನಿ ಅಕ್ಕ. ಪಾಲಂಗೆ ತೋರಿಸಿಕೊಟ್ಟಿದ್ದೀನಿ. ಬಟನ್ ಒತ್ತೋದಷ್ಟೇ, ಕತ್ತೆಯೂ ಒತ್ತುತ್ತೆ.”

“ಕತ್ತೆಯಾಗಿದ್ದರೆ ನನಗೆ ಭಯ ಇರ್ತಿರಲಿಲ್ಲ!” ಅಂದಳು ಓಬಮ್ಮ.

ಅದೇ ವಾರ ಗಾದ್ರಪ್ಪ ಯಜಮಾನರ ಮನೇಲಿ ಮಗಳ ಮದುವೆ. ಊರಿಗೆ ದೊಡ್ಡ ಮನುಷ್ಯರು, ಬಾಯಿಯೂ ಅಷ್ಟೇ ದೊಡ್ಡದು. ಅವರ ತಾಯಿ ತಿಪ್ಪಮ್ಮ ಸತ್ತು ಹೋಗಿದ್ದಳು, ಅವಳ ಸೋಬಾನೆ ಇದ್ದದ್ದು ಆ ಡಬ್ಬಿಯೊಂದರಲ್ಲೇ.

“ಓಬಮ್ಮ, ಧಾರೆ ಹೊತ್ತಿಗೆ ನಮ್ಮವ್ವನ ಹಾಡು ಕೇಳಬೇಕು. ಕೇಳಲಿಲ್ಲವೋ, ನಿನ್ನ ಹಾರ್ನು ಈ ಸೀಮೆಯ ಯಾವ ಚಪ್ಪರಕ್ಕೂ ಹತ್ತಲ್ಲ!”

ಓಬಮ್ಮ ಮಗನನ್ನ ಕರೆದಳು. “ಲೇ ಪಾಲ, ಪೇಟೆಗೆ ಹೋಗಿ ಹೊಸ ಡಿಸ್ಕು ತಾ. ದಾರೀಲಿ ಬೀಳಬಾರದು. ಸೈಕಲ್‌ಗೆ ಬಿಗಿಯಾಗಿ ಕಟ್ಟಿಕೊಂಡು ಬಾ.”

“ಬಿಗಿಯಾಗಿ ಕಟ್ತೀನಿ ಕಣವ್ವ.”

ಪಾಲಯ್ಯ ಹೋದ. ಡಿಸ್ಕು ತಗೊಂಡ. ಬೆಲ್ಲದಚ್ಚಿನಷ್ಟಿತ್ತು. ಬಿಗಿಯಾಗಿ ಕಟ್ಟೋದು ಅಂದರೆ ಅವನಿಗೆ ಗೊತ್ತಿದ್ದದ್ದು ಒಂದೇ, ಹಾರ್ನನ್ನ ತೆಂಗಿನಮರಕ್ಕೆ ಕಟ್ಟೋದು. ಸೈಕಲ್ ಕ್ಯಾರಿಯರ್ ಮೇಲೆ ಡಿಸ್ಕಿಟ್ಟ, ಹುರಿಹಗ್ಗ ಸುತ್ತಿದ, ಕಾಲು ಕೊಟ್ಟು ಜಗ್ಗಿದ, ಗಂಟು ಹಾಕಿದ, ಗುದ್ದಿ ನೋಡಿದ, ಅಲ್ಲಾಡಿಸಿ ನೋಡಿದ, ಮತ್ತೆ ಗುದ್ದಿದ. ಮನೆಗೆ ಬರೋ ಹೊತ್ತಿಗೆ ರಟ್ಟಿನ ಡಬ್ಬಿ ಚಪಾತಿಯಾಗಿತ್ತು. ಒಳಗಿದ್ದದ್ದು ಯಾರ ಪುಣ್ಯವೋ ಉಳಿದಿತ್ತು.

“ಅಯ್ಯೋ ಕೋಣ! ಇದೇನು ಸೌದೆ ಹೊರೆಯೇನೋ? ಗುದ್ದಿದೆಯಾ ಇದನ್ನ?”

“ಮತ್ತೆ ಬಿಗಿ ಇದೆಯೋ ಇಲ್ಲವೋ ಹ್ಯಾಗೆ ಗೊತ್ತಾಗಬೇಕವ್ವ?”

“ನಿನ್ನ ಬಿಗಿಗೆ ಬೆಂಕಿ ಬೀಳ! ಇಂಥ ಸಾಮಾನನ್ನ ಹೆತ್ತ ಕೂಸಿನ ಹಾಗೆ ನೋಡಿಕೊಳ್ಳಬೇಕು. ಮೆತ್ತಗೆ ಬಟ್ಟೇಲಿ ಸುತ್ತಬೇಕು, ಬೆಚ್ಚಗೆ ಮಲಗಿಸಬೇಕು!”

“ಹಾಗೇ ಆಗಲಿ ಕಣವ್ವ, ಇನ್ನು ಮೇಲೆ ಹಾಗೇ ಮಾಡ್ತೀನಿ.”

ಮಾಡಿದ. ಹಳೇ ಕಂಪ್ಯೂಟರ್‌ಗೆ ಹೊಸ ಡಿಸ್ಕಿನ ವೈರು ಸಿಗಿಸಿದ, ಬಟನ್ ಒತ್ತಿದ. ಹಾಡು ಹರಿಯೋಕೆ ಶುರುವಾಯ್ತು. ಅಲ್ಲಿಗೆ ಕೈ ಕಟ್ಟಿ ಕೂತಿದ್ದರೆ ನಮಗೆ ಈ ಕತೆಯೇ ಇರ್ತಿರಲಿಲ್ಲ. ಕೂರ್ತಾನೆಯೇ ಅವನು? ಅಟ್ಟದಿಂದ ತೊಟ್ಟಿಲು ಇಳಿಸಿದ. ಕಂಪ್ಯೂಟರನ್ನ ಎತ್ತಿ ಮಲಗಿಸಿದ. ಹಳೇ ಸೀರೆ ಸುತ್ತಿದ, ಅದರ ಮೇಲೆ ಕಂಬಳಿ ಹೊದಿಸಿದ. ಗಾಳಿ ಸೋಕದ ಹಾಗೆ ಮೂಲೆ ಮೂಲೆ ಸಿಕ್ಕಿಸಿ, ಮೆಲ್ಲಗೆ ತೂಗ್ತಾ ಕೂತ.

ಓಬಮ್ಮ ಒಳಗೆ ಬಂದಾಗ ಕಂಬಳಿಯಿಂದ ಸುಟ್ಟ ವಾಸನೆ ಬರ್ತಿತ್ತು. ಕಂಪ್ಯೂಟರ್ ಕುಂಯ್ ಅಂತು, ನಿಂತೇ ಹೋಯ್ತು.

“ಏನೋ ಮಾಡ್ತಿದ್ದೀಯ ಹಾಳಾದೋನೇ!”

“ಶ್! ಈಗ ತಾನೇ ಮಲಗ್ತು ಕಣವ್ವ.”

“ಮಲಗಿಲ್ಲ ಕಣೋ, ಉಸಿರು ಕಟ್ಟಿದೆ! ಕೆಲಸ ಮಾಡ್ತಿರೋದು ಬಿಸಿಯಾಗುತ್ತೆ, ಬಿಸಿಯಾದದ್ದಕ್ಕೆ ಗಾಳಿ ಬೇಕು. ಮೈಮೇಲಿರೋದೆಲ್ಲ ಕಿತ್ತು ಹಾಕಬೇಕು, ಫ್ಯಾನ್ ಮುಂದೆ ಇಡಬೇಕು. ಇಷ್ಟೂ ತಿಳಿಯಲ್ವಾ?”

“ಈಗ ತಿಳೀತು ಕಣವ್ವ!”

ಕಂಬಳಿ ಕಿತ್ತರು, ಗಾಳಿ ಹಾಕಿದರು. ಆರಿದ ಮೇಲೆ ಕಂಪ್ಯೂಟರ್ ಮತ್ತೆ ಕಟ ಕಟ ಅಂತ ಎದ್ದಿತು. ಓಬಮ್ಮ ದೇವರಿಗೆ ಕೈ ಮುಗಿದು ಹಿತ್ತಲಿಗೆ ಹೋದಳು.

ಆ ಹೊತ್ತಿಗೆ ಗಾದ್ರಪ್ಪ ಯಜಮಾನರು ಬಂದರು. ಉರಿ ಬಿಸಿಲಲ್ಲಿ ನಡೆದು ಬಂದಿದ್ದರು. ತಲೆಗೆ ಜರಿ ರುಮಾಲು, ಮೈಗೆ ಕರಿ ಕೋಟು, ಹೆಗಲಿಗೆ ಶಲ್ಯ. ಹಣೆಯಿಂದ ಬೆವರು ಇಳೀತಿತ್ತು.

“ಪಾಲ, ಎಲ್ಲೋ ನಿಮ್ಮವ್ವ? ನಮ್ಮವ್ವನ ಹಾಡು ಎಲ್ಲಿಗೆ ಬಂತು?”

ಪಾಲಯ್ಯ ಹತ್ತಿರ ಹೋಗಿ ಯಜಮಾನರ ಹಣೆ ಮುಟ್ಟಿ ನೋಡಿದ. ಬಿಸಿ! ರುಮಾಲು ಕಿತ್ತ, ಶಲ್ಯ ಎಳೆದ, ಕೋಟಿನ ಗುಂಡಿಗೆ ಕೈ ಹಾಕಿದ.

“ಏಯ್! ಏನೋ ಇದು! ಬಿಡೋ! ಓಬಮ್ಮಾ! ಓಬಮ್ಮಾ!”

ಓಬಮ್ಮ ಓಡಿ ಬಂದು ನೋಡ್ತಾಳೆ, ಊರಿನ ಯಜಮಾನರು ಬರೀ ಬನಿಯನ್ನಲ್ಲಿ ಫ್ಯಾನ್ ಮುಂದೆ ನಿಂತಿದ್ದಾರೆ, ಮಗ ಪಂಚೆಗೆ ಕೈ ಹಾಕಿದ್ದಾನೆ!

ಕಾಲಿಗೆ ಬಿದ್ದಳು, ಮಜ್ಜಿಗೆ ಕೊಟ್ಟಳು, ಕೋಟು ತೊಡಿಸಿದಳು. ಯಜಮಾನರು ಬೀದಿ ತುದಿ ಮುಟ್ಟೋವರೆಗೂ ಬೈತಾ ಹೋದರು. ಓಬಮ್ಮ ಪೊರಕೆ ಹಿಡಿದು ಮಗನ ಕಡೆ ತಿರುಗಿದಳು.

“ಹೇಳದೆ ಕೇಳದೆ ಕೈ ಹಾಕ್ತಾರೇನೋ ಎಮ್ಮೆ? ದೊಡ್ಡವರ ಮುಂದೆ ಕೈ ಕಟ್ಟಿ ನಿಲ್ಲಬೇಕು. ‘ಏನು ಮಾಡಲಿ’ ಅಂತ ಕೇಳಬೇಕು. ಅವರು ಹೂಂ ಅನ್ನೋವರೆಗೂ ಒಂದು ಬೆರಳೂ ಆಡಿಸಬಾರದು!”

“ಒಂದು ಬೆರಳೂ ಆಡಿಸಲ್ಲ ಕಣವ್ವ!”

ಓಬಮ್ಮ ಹಾರ್ನ್ ಕಟ್ಟಿಸೋಕೆ ಮದುವೆ ಮನೆಗೆ ಹೋದಳು. ಇತ್ತ ಹಾಡು ಹರೀತಾ ಹರೀತಾ ನಿಂತುಬಿಡ್ತು. ಪರದೆ ಮೇಲೆ ಕಂಪ್ಯೂಟರ್ ಒಂದು ಮಾತು ಬರೆದು ತೋರಿಸಿತು: ಈ ಹೆಸರಿನದು ಆಗಲೇ ಒಂದಿದೆ, ಏನು ಮಾಡಲಿ?

ಪಾಲಯ್ಯ ಅಕ್ಷರ ಕೂಡಿಸಿ ಓದಿದ. ಎದ್ದು ನಿಂತ. ಕೈ ಕಟ್ಟಿದ.

“ಏನು ಮಾಡಲಿ ಸ್ವಾಮಿ?” ಅಂದ.

ಏನು ಮಾಡಲಿ, ಅಂತ ಪರದೆಯೂ ಕೇಳ್ತಿತ್ತು.

“ತಾವೇ ಹೇಳಬೇಕು ಸ್ವಾಮಿ.”

ಏನು ಮಾಡಲಿ, ಅಂತು ಪರದೆ.

ಸಂಜೆಗೆ ಓಬಮ್ಮ ಬಂದು ನೋಡಿದಾಗಲೂ ಇಬ್ಬರೂ ಹಾಗೇ ಇದ್ದರು. ಕಂಪ್ಯೂಟರ್ ಇವನನ್ನ ಕಾಯ್ತಿತ್ತು, ಇವನು ಕಂಪ್ಯೂಟರನ್ನ ಕಾಯ್ತಿದ್ದ. ಹಳೇ ಡಿಸ್ಕು ಮಾತ್ರ ಯಾರನ್ನೂ ಕಾಯದೆ ಕಟ ಕಟ ಅಂತಿತ್ತು.

“ಎಷ್ಟು ಹೊತ್ತಾಯ್ತೋ ಹೀಗೆ ನಿಂತು?”

“ಬಿಸಿಲಿದ್ದಾಗಿಂದ ಕಣವ್ವ. ಬಲು ದೊಡ್ಡ ಮನುಷ್ಯರು ಅನ್ನಿಸುತ್ತೆ, ಹೂಂ ಅನ್ನಲೊಲ್ಲರು.”

ಓಬಮ್ಮ ತಲೆ ತಲೆ ಚಚ್ಚಿಕೊಂಡು ಜಬೀವುಲ್ಲಾಗೆ ಫೋನ್ ಮಾಡಿದಳು. ಅಲ್ಲಿ ಮದುವೆ ಗದ್ದಲ, ಅವನು ಕೂಗಿದ: “ಬಂದ ಹಾಡೇ ಎರಡನೇ ಸಲ ಬಂದಿರುತ್ತೆ, ಬಿಡು ಅನ್ನಿ ಅಕ್ಕ!”

“ಕೇಳಿಸ್ತೇನೋ? ಒಂದೇ ಹೆಸರಿಂದು ಎರಡು ಬಂದರೆ ಒಂದನ್ನ ಇಟ್ಕೋ, ಉಳಿದದ್ದು ಬಿಡು! ದೇವರಿಗೆ ಕಾದ ಹಾಗೆ ಕಾಯಬೇಡ!”

“ಒಂದು ಇಟ್ಕೋತೀನಿ, ಉಳಿದದ್ದು ಬಿಡ್ತೀನಿ ಕಣವ್ವ!”

ಈಗ ಒಂದು ಮಾತು ಹೇಳ್ತೀನಿ ಕೇಳಿ. ಆ ಸೀಮೇಲಿ ಹೆಣ್ಣು ಹುಟ್ಟಿದರೆ ತಿಪ್ಪಮ್ಮ ಅಂತಲೇ ಹೆಸರಿಡೋದು, ಮನೆದೇವರ ಹೆಸರು. ಒಂದು ಓಣೀಲಿ ನಿಂತು ‘ತಿಪ್ಪಮ್ಮಾ’ ಅಂದರೆ ಎಲ್ಲಾ ಬಾಗಿಲೂ ತೆರೀತವೆ. ಓಬಮ್ಮನ ಗಂಡನೋ, ಯಾರು ಹಾಡಿದರೋ ಅವರ ಹೆಸರನ್ನೇ ಹಾಡಿಗೂ ಬರೆದಿಟ್ಟಿದ್ದ. ಪಾಲಯ್ಯ ಮೊದಲು ಬಂದ ತಿಪ್ಪಮ್ಮನನ್ನ ಇಟ್ಟುಕೊಂಡ. ಉಳಿದ ತಿಪ್ಪಮ್ಮಂದಿರನ್ನೆಲ್ಲಾ ಬಿಟ್ಟ.

ಮದುವೆ ಹಿಂದಿನ ದಿನ ಬೆಳಿಗ್ಗೆ ಓಬಮ್ಮ ಅಂದಳು, “ಎಲ್ಲಿ, ಹೊಸದರಲ್ಲಿ ಯಜಮಾನರ ತಾಯಿ ಹಾಡು ಹಾಕು ನೋಡೋಣ.”

ಹಾಕಿದ. ಬಂದದ್ದು ಸೋಬಾನೆ ಅಲ್ಲ. ಕೆಮ್ಮಿಕೊಂಡು ಹಾಡ್ತಿದ್ದ ಬೀಸೋ ಪದ!

“ಇವಳು ಮಡಿಕೆ ಮಾರೋ ತಿಪ್ಪಮ್ಮ ಅಲ್ವೇನೋ! ಯಜಮಾನರ ತಾಯಿ ಎಲ್ಲಿ?”

“ಬಿಟ್ಟೆ ಕಣವ್ವ. ತಿಪ್ಪಮ್ಮ ಆಗಲೇ ಒಬ್ಬಳಿದ್ದಳಲ್ಲ.”

“ಅಯ್ಯೋ, ನಿನ್ನ ಹೆತ್ತ ಹೊಟ್ಟೆಗಿಷ್ಟು ಮಣ್ಣು ಹಾಕ!” ಓಬಮ್ಮ ಎದೆ ಬಡಿದುಕೊಂಡಳು. “ನಾವು ಮನೆ ಬದಲಾಯಿಸಿದಾಗ ಒಂದೇ ಹೆಸರಿನವರು ಇಬ್ಬರಿದ್ದಾರೆ ಅಂತ ಒಬ್ಬರನ್ನ ಹಳೇ ಮನೇಲಿ ಬಿಟ್ಟು ಬಂದೆವೇನೋ? ಇದೂ ಮನೆ ಬದಲಾಯಿಸಿದ ಹಾಗೇ ಕಣೋ! ಮನೆ ಬದಲಾಯಿಸೋವಾಗ ಏನೇನು ಮಾಡ್ತೀವೋ ಅದನ್ನೆಲ್ಲಾ ಮಾಡು. ಒಂದೂ ಬಿಡಬೇಡ!”

“ಒಂದೂ ಬಿಡಲ್ಲ ಕಣವ್ವ!”

ಹೀಗಂದು ಅವಳು ಚಪ್ಪರದ ಕೆಲಸಕ್ಕೆ ಹೋದಳಲ್ಲ, ಆ ತಾಯಿಗೂ ಒಂದಿಷ್ಟು ಬುದ್ಧಿ ಬೇಡವೇ? ಇಷ್ಟು ದಿನ ಸಾಕಿದ ಮಗ ಎಂಥೋನು ಅಂತ ಅವಳಿಗಾದರೂ ತಿಳಿಯಬೇಡವೇ?

ಮಧ್ಯಾಹ್ನ ಗಾದ್ರಪ್ಪ ಯಜಮಾನರು ಪಟ್ಟು ಹಿಡಿದರು. “ನನ್ನ ಕಿವಿಯಾರೆ ಕೇಳಿದ ಮೇಲೇ ನಾಳೆ ಮೈಕು ಹಾಕೋದು” ಅಂತ ಓಬಮ್ಮನ ಜೊತೆಗೇ ಹೊರಟು ಬಂದರು. ಬಂದು ನೋಡ್ತಾರೆ, ಅಂಗಡಿ ಬಾಗಿಲಿಗೆ ಮಾವಿನ ತೋರಣ. ಜಗಲಿ ತುಂಬ ನೆರೆಹೊರೆಯವರು, ಬಾಯಿ ತುಂಬ ಎಲೆಅಡಿಕೆ. ಪಾಲಯ್ಯ ಹೊಸ ರುಮಾಲು ಸುತ್ತಿ ಹೊಸಿಲಲ್ಲಿ ನಿಂತಿದ್ದಾನೆ.

“ಬಾ ಅವ್ವ, ಬಲಗಾಲಿಟ್ಟು ಬಾ! ಬನ್ನಿ ಯಜಮಾನ್ರೇ!”

“ಹಾಡು ಸಾಗಿಸಿದೆಯೇನೋ?”

“ಎಲ್ಲಾ ಸಾಗಿಸಿದೆ ಕಣವ್ವ. ಎಲ್ಲಾ ತಿಪ್ಪಮ್ಮನೋರೂ ಬಂದರು. ಹಳೇ ಮನೇಲಿ ಒಂದು ಕಡ್ಡಿಯೂ ಬಿಡಲಿಲ್ಲ.”

ಓಬಮ್ಮನಿಗೆ ಹೋದ ಜೀವ ಬಂತು. “ಕೇಳಿದಿರಾ ಯಜಮಾನ್ರೇ? ನನ್ನ ಮಗ ಮಾಡಿದ!”

“ಆಮೇಲೆ ಹಳೇದನ್ನ ಗುಡಿಸಿ, ಸಗಣಿ ಹಾಕಿ ಸಾರಿಸಿದೆ.”

ಓಬಮ್ಮ ಒಳಗೆ ನುಗ್ಗಿದಳು. ಹಳೇ ಕಂಪ್ಯೂಟರ್ ಹೊಟ್ಟೆ ಬಿಚ್ಚಿಕೊಂಡು ಕೂತಿತ್ತು, ಡಿಸ್ಕೂ ಸೇರಿ ಒಳಗೆಲ್ಲಾ ಹಸಿರು ಸಗಣಿ. ಮೇಲೊಂದು ರಂಗೋಲಿ. ಕಟ ಕಟ ಸದ್ದೂ ಇಲ್ಲ.

“ಹೋಗಲಿ, ಅದು ಹ್ಯಾಗೂ ಸಾಯೋದೇ. ಹೊಸದೆಲ್ಲೋ? ಹೊಸದೆಲ್ಲಿ?”

“ಅಲ್ಲೇ ಇದೆಯಲ್ಲ ಕಣವ್ವ, ಒಲೆ ಕೆಳಗೆ.”

ಹೊಸ ಡಿಸ್ಕು ನಡುಮನೇಲಿತ್ತು. ಡಿಸ್ಕಿನ ಮೇಲೆ ಮೂರು ಪುಟ್ಟ ಕಲ್ಲು, ಕಲ್ಲಿನ ನಡುವೆ ತೆಂಗಿನ ಚಿಪ್ಪಿನ ಕೆಂಡ, ಕೆಂಡದ ಮೇಲೆ ಅರಿಶಿನ ಕುಂಕುಮ ಹಚ್ಚಿದ ಪುಟ್ಟ ಗಡಿಗೆ. ಗಡಿಗೆಯಿಂದ ಹಾಲು ನೊರೆನೊರೆಯಾಗಿ ಉಕ್ಕಿ, ಕರಗಿದ ಡಿಸ್ಕಿನ ಒಳಗೆ ಇಳೀತಿತ್ತು.

“ಹೊಸ ಮನೇಲಿ ಹಾಲು ಉಕ್ಕಿಸದೆ ಯಾರಾದರೂ ಇರ್ತಾರೇನವ್ವ?”

ಓಬಮ್ಮ ಸೆರಗಲ್ಲಿ ಗಡಿಗೆ ಹಿಡಿದು ಇಳಿಸಿದಳು. ಯಜಮಾನರು ಡಿಸ್ಕಿನ ಹತ್ತಿರ ಬಗ್ಗಿದರು. “ನಮ್ಮವ್ವ...” ಅಂದರು.

“ಒಳಗೇ ಇದ್ದಾರೆ ಯಜಮಾನ್ರೇ, ಸುಖವಾಗಿದ್ದಾರೆ. ನೀವು ಚಿಂತೆ ಮಾಡಬೇಡಿ, ಹಾಲು ಮೂಡಲ ದಿಕ್ಕಿಗೇ ಉಕ್ತು!”

ಮಾರನೇ ದಿನ ಗಾದ್ರಪ್ಪನವರ ಚಪ್ಪರಕ್ಕೆ ಡಿಜೆ ಬಂದ. ಓಬಮ್ಮ ಹಾರ್ನ್ ಬಿಚ್ಚಿಕೊಂಡು ಬಂದಳು. ಪಾಲಯ್ಯ ಅದೇ ಚಪ್ಪರದಲ್ಲಿ ಎಲೆ ಮುಂದೆ ಕೂತು, ಎರಡನೇ ಸಲ ಪಾಯಸ ಹಾಕಿಸಿಕೊಂಡ.