ಚುಕ್ಕೆಕಿವಿಯ ವಿಚಾರಣೆ

ಕುರಿಹಿಂಡಿಗೆ ಕಾಲುಬೇನೆ ಬಂದಾಗ ಹಿರಿಯ ಟಗರು ಪಂಡಿತನೆಂದು ಹೆಸರಾದ ಕಾಗೆಯನ್ನು ಕರೆಸಿತು. ಕಾಗೆ ಕುಂಟುವ ಕುರಿಗಳನ್ನೆಲ್ಲ ನೋಡಿತು. ಆಮೇಲೆ ಹಳ್ಳದಾಚೆಯ ಹಿಂಡಿಗೆ ಹಾರಿ, ಅಲ್ಲಿನ ಗಟ್ಟಿಮುಟ್ಟಾದ ಕುರಿಗಳನ್ನೂ ನೋಡಿ ಬಂದು ತೀರ್ಪು ಕೊಟ್ಟಿತು: "ಇಲ್ಲಿ ಕುಂಟುವವರಲ್ಲಿ ಬಹುಪಾಲು ಚುಕ್ಕೆಕಿವಿಯವರು. ಆಚೆಯ ಆರೋಗ್ಯವಂತರಲ್ಲಿ ಒಬ್ಬರಿಗೂ ಚುಕ್ಕೆಯಿಲ್ಲ. ಬೇನೆ ಚುಕ್ಕೆಯ ಜೊತೆ ರಕ್ತದಲ್ಲೇ ಬಂದಿದೆ. ಚುಕ್ಕೆಯವರನ್ನು ಹೊರಗಟ್ಟಿ."

ರೊಪ್ಪದ ಬೇಲಿಯ ಹೊರಗೆ ಎಂದರೆ ತೋಳದ ಬಾಯಿಗೆ. ಸಿಂಗಿ ಎಂಬ ಕುರಿ ತನ್ನ ಮರಿಯ ಕಿವಿ ನೋಡಿತು. ಅಲ್ಲೂ ಅಜ್ಜಿಯಿಂದ ಇಳಿದು ಬಂದ ಚುಕ್ಕೆ. ಸಿಂಗಿ ಮುಂದೆ ಬಂತು.

"ಪಂಡಿತರೇ, ಆಚೆಯವರ ವಂಶವೇ ಬೇರೆ, ಅಲ್ಲಿ ಚುಕ್ಕೆ ಹುಟ್ಟುವುದೇ ಇಲ್ಲ. ನಮ್ಮ ರೊಪ್ಪದಲ್ಲೇ ಕುಂಟದವರು ಎಷ್ಟೋ ಜನ ಇದ್ದಾರಲ್ಲ, ಅವರ ಕಿವಿ ನೋಡಿದಿರಾ?"

"ರೋಗ ಹೊಕ್ಕ ರೊಪ್ಪದಲ್ಲಿ ಆರೋಗ್ಯ ಹುಡುಕುವುದೇ?" ಎಂದು ಕಾಗೆ ನಕ್ಕಿತು.

"ಹುಡುಕಿ," ಎಂದಿತು ಟಗರು.

ಕುಂಟದವರು ಸಾಲಾಗಿ ನಿಂತರು. ಚುಕ್ಕೆ, ಚುಕ್ಕೆ, ಒಂದು ಬರಿ ಕಿವಿ, ಮತ್ತೆ ಚುಕ್ಕೆ. ಕುಂಟುವವರಲ್ಲಿ ಚುಕ್ಕೆಯವರು ಎಷ್ಟು ಪಾಲೋ ಇವರಲ್ಲೂ ಅಷ್ಟೇ ಪಾಲು. ಸಾಲು ಮುಗಿಯುವಷ್ಟರಲ್ಲಿ ಕಾಗೆಯ ಕೊಕ್ಕು ತಗ್ಗಿತ್ತು.

"ತಪ್ಪು ಚುಕ್ಕೆಯದಲ್ಲ, ಇಲ್ಲಿನವರನ್ನು ಬಿಟ್ಟು ನಾನು ಆಚೆ ಹಾರಿ ಹೋದ ದಾರಿಯದು," ಎಂದಿತು.

ರೊಪ್ಪವೆಲ್ಲ ಒಂದೇ ದನಿಯಲ್ಲಿ ಬ್ಯಾ ಎಂದು ಮೊಳಗಿತು. ಸಿಂಗಿಯ ಮರಿ ಚುಕ್ಕೆಕಿವಿ ಬಡಿಯುತ್ತ ಟಗರಿನ ಬೆನ್ನ ಮೇಲೇ ನೆಗೆಯಿತು. ಅಂದಿನಿಂದ ಕಾಗೆ ಯಾವುದನ್ನೂ ಒಂದೇ ಕಣ್ಣಿನಲ್ಲಿ ನೋಡಿ ಸುಮ್ಮನಾಗುವುದಿಲ್ಲ. ಕತ್ತು ಹೊರಳಿಸಿ, ಪಕ್ಕದಲ್ಲಿರುವುದನ್ನೂ ನೋಡಿಯೇ ಕಾ ಎನ್ನುತ್ತದೆ.