ಹೊಲಿಗೆ ಯಂತ್ರಕ್ಕೆ ಸಿಗದ ಕೋಣೆ

ಮನೆ ಪಕ್ಕದ ಕಾರ್ ಶೆಡ್ಡನ್ನು ಕಡಿಮೆ ಖರ್ಚಿನಲ್ಲಿ ತಾನೇ ಸರಿಮಾಡಿ ಹೆಂಡತಿಗೆ ಹೊಲಿಗೆ ಕೋಣೆ ಮಾಡಿಕೊಡುತ್ತೇನೆಂದು ಧರಣೇಂದ್ರಯ್ಯ ಪಂಚೆ ಎತ್ತಿ ಕಟ್ಟಿದ. ಜಗಲಿಯಲ್ಲಿ ರಸ್ತೆಯ ಧೂಳು ಕುಡಿದು ಸಾಕಾಗಿದ್ದ ಹೊಲಿಗೆ ಯಂತ್ರಕ್ಕೆ ಹೋದ ಜೀವ ಬಂದಂತಾಯಿತು.

ಶೆಡ್ಡಿನಲ್ಲಿ ತುಂಬಿದ್ದ ಹಳೇ ಸಾಮಾನು ಒಯ್ಯಲು ಗುಜರಿಯವನು ಗಾಡಿ ತಂದು ಗೇಟಿನಲ್ಲಿ ನಿಂತ. ಧರಣೇಂದ್ರಯ್ಯ ಮೊದಲು ತಳ ಒಡೆದ ಬಕೆಟ್ಟಿಗೆ ಕೈಹಾಕಿದ.

"ಎಸೆಯಬೇಡ, ಯಾವತ್ತಾದರೂ ಬೇಕಾಗುತ್ತೇನೆ" ಎಂದಿತು ಬಕೆಟ್ಟು. ಬಣ್ಣ ಒಣಗಿದ ಡಬ್ಬಗಳೂ, ಕಿವಿ ಹೋದ ಕುಕ್ಕರೂ ಅದೇ ರಾಗ ಎಳೆದವು.

ಮೂಲೆಯ ಮುರುಕು ಬಾಗಿಲು ಉಪಾಯ ಹೇಳಿತು: "ನನ್ನನ್ನು ಕೊಯ್ದು ಹಲಗೆ ಮಾಡು. ಇವರೆಲ್ಲ ಮೇಲೆ ಕೂರಲಿ. ಬಿಟ್ಟಿ ಮರ, ಬಿಡುತ್ತೀಯಾ?"

ಗುಜರಿಯವನು ಬರಿ ಗಾಡಿ ತಳ್ಳಿಕೊಂಡು ಹೋದ. ಬಾಗಿಲು ಒಂದು ಗೋಡೆಗೆ ಹಲಗೆಯಾಯಿತು. ಅದು ಸಾಲದೆ ಹಳೇ ಮಂಚ ಇನ್ನೊಂದು ಗೋಡೆಗಾಯಿತು. ಅದೂ ಸಾಲದೆ, ಉಳಿದ ಸಾಮಾನು ನೆಲ ಹಿಡಿಯಿತು.

ಕೊನೆಗೆ ಹೊಲಿಗೆ ಯಂತ್ರವನ್ನು ಹೊತ್ತು ತಂದರೆ ಹೊಸ್ತಿಲು ದಾಟಿಸಲೂ ಜಾಗವಿಲ್ಲ.

"ಇದು ನನಗೆಂದು ಮಾಡಿದ ಕೋಣೆ ಕಣ್ರಯ್ಯಾ!" ಯಂತ್ರ ರೇಗಿತು. "ಒಂದು ದಿನವಾದರೂ ಕೆಲಸಕ್ಕೆ ಬಂದಿದ್ದೀರಾ ನೀವು?"

ಹಲಗೆಯ ಮೇಲಿಂದ ಬಕೆಟ್ಟು ನಿಧಾನವಾಗಿ ಹೇಳಿತು: "ಕೂಗಾಡಬೇಡ ತಾಯಿ. ದಿನಾ ದುಡಿಯುವವಳಿಗೆ ಜಗಲಿಯೇ ಸಾಕು. ಕೆಟ್ಟು ನಿಂತ ಮೇಲೆ ಬಾ, ಆಗ ನಿನಗೂ ಇಲ್ಲೊಂದು ಹಲಗೆ ಹೊಡೆಸುತ್ತೇವೆ."